ಆಸ್ತಿ ಜಗಳದಲ್ಲಿ ಕ್ರಿಸ್ತನಂತೆ ನಡೆಯುವುದು ಅಂದರೆ ಬಿಟ್ಟುಕೊಡುವುದೇ? ಅನುಭವ ಇದ್ದವರು ಹೇಳಿ

ಶಿವಮೊಗ್ಗದ ತಂಗಿ:
ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಅಣ್ಣ ವಂಶವೃಕ್ಷದಲ್ಲಿ ನನ್ನ ಮತ್ತು ಅಕ್ಕನ ಹೆಸರು ಬಿಟ್ಟು, ಮನೆಯ ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೆ. ಅಮ್ಮ ಅವನ ಜೊತೆಗೇ ಇದ್ದಾರೆ. ನಮ್ಮ ಸಭಾಪಾಲಕರು ಫಿಲಿಪ್ಪಿ 2 ಓದಿ, "ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡನಲ್ಲಾ, ನೀನೂ ಬಿಟ್ಟುಬಿಡಮ್ಮ" ಅನ್ನುತ್ತಾರೆ. ಮನಸ್ಸು ಒಪ್ಪುತ್ತಿಲ್ಲ. ನೀವೆಲ್ಲ ಏನು ಮಾಡಿದಿರಿ?

ಉಡುಪಿ ಕಡೆಯವಳು:
ನಾನು ಬಿಟ್ಟುಕೊಟ್ಟೆ. ಇವತ್ತಿಗೂ ಅದೇ ಸರಿ ಅನ್ನುತ್ತೇನೆ. ನಮ್ಮದು ಬಾಸೆಲ್ ಮಿಷನ್ ಕಾಲದ ಮನೆತನ. ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಕಟ್ಟಿಸಿದ ಮನೆ. ಹಕ್ಕು ಬಿಟ್ಟುಕೊಡುವ ರಿಲೀಸ್ ಡೀಡ್‌ಗೆ ಸಹಿ ಹಾಕಲು ಹೋದಾಗ ಪತ್ರ ಬರೆಯುವವರಿಗೆ 3,500 ನಾನೇ ಕೊಟ್ಟೆ. ಬಸ್ಸು, ಊಟ ಕೂಡ ನನ್ನದೇ. ತಮ್ಮ ಒಂದು ಲೋಟ ನೀರು ಕೊಡಲಿಲ್ಲ.

ಆಮೇಲೆ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಮನೆ ತಮ್ಮನಿಗೆ, ಅಮ್ಮ ನನ್ನ ಪಾಲಿಗೆ. ನೋಡಿಕೊಳ್ಳುವವಳಿಗೆ ತಿಂಗಳಿಗೆ 18,000. ಫಿಸಿಯೋಥೆರಪಿಗೆ ಒಂದು ಸಲಕ್ಕೆ 500. ಡೈಪರ್ ಪ್ಯಾಕೆಟ್ 450, ಅದು ವಾರಕ್ಕೂ ಸಾಲದು. ನನ್ನ ಬಳೆಗಳು ಅದಕ್ಕೇ ಹೋದವು. ಆದರೆ ಅಮ್ಮನ ಕಾಲು ತೊಳೆಯುವಾಗೆಲ್ಲ ಯೋಹಾನ 13 ಕಣ್ಣ ಮುಂದೆ ಬರುತ್ತಿತ್ತು. ಅದೇ ರಾತ್ರಿ ತನ್ನನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ಯೇಸುಸ್ವಾಮಿ ತೊಳೆದರು ಅಲ್ವಾ. ನಿಮಗೆ ಮಾದರಿ ತೋರಿಸಿದ್ದೇನೆ ಅಂದದ್ದು ಅಲ್ಲೇ. ತಮ್ಮನ ಮಗಳ ಮದುವೆಗೂ ಹೋಗಿ ಉಡುಗೊರೆ ಕೊಟ್ಟು ಬಂದೆ. ನನಗೆ ರಾತ್ರಿ ನಿದ್ದೆ ಬರುತ್ತದೆ. ಕೋರ್ಟಿಗೆ ಹೋದವರಿಗೆ ಬರುತ್ತದಾ?

ಹಳೇ ವಾದಿ, ಬೆಂಗಳೂರು:
ಬರುತ್ತದೆ ಅಕ್ಕಾ, ಚೆನ್ನಾಗಿಯೇ ಬರುತ್ತದೆ. ನಮ್ಮ ದೊಡ್ಡಣ್ಣ ಮನೆ, ಮಳಿಗೆ ಎಲ್ಲ ಬಾಡಿಗೆಗೆ ಕೊಟ್ಟು ಒಬ್ಬನೇ ತಿನ್ನುತ್ತಿದ್ದ. ಪಾಲಿಗೆ ದಾವಾ ಹಾಕಿದೆ. ಆಸ್ತಿ ನನ್ನ ಸ್ವಾಧೀನದಲ್ಲಿ ಇರಲಿಲ್ಲ ಅಂತ, ನನ್ನ ಪಾಲಿನ ಮಾರುಕಟ್ಟೆ ಬೆಲೆ ಲೆಕ್ಕ ಹಾಕಿ ಕೋರ್ಟ್ ಫೀ ಕಟ್ಟಬೇಕಾಯಿತು, 1,60,000. ವಕೀಲರಿಗೆ ಮೊದಲು 75,000, ಆಮೇಲೆ ವಾಯಿದೆಗೊಮ್ಮೆ 2,000. ಕೋರ್ಟ್ ನೇಮಿಸಿದ ಕಮಿಷನರ್ ಬಂದು ಅಳತೆ ಮಾಡಿದ್ದಕ್ಕೆ 15,000, ಸರ್ವೆಯವರಿಗೆ ಬೇರೆ. ಟೈಪಿಂಗ್, ಜೆರಾಕ್ಸ್, ದೃಢೀಕೃತ ನಕಲು ಸೇರಿ 41,300. ಚೀಟಿಗಳೆಲ್ಲ ಇವೆ.

ಅದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ನಮ್ಮ ಸಭೆಯವರು. 1 ಕೊರಿಂಥ 6 ಓದಿ, ಅನ್ಯಾಯ ಸಹಿಸಿಕೋ ಅಂದರು. ಅದರ ಮುಂದಿನ ವಚನದಲ್ಲೇ ಪೌಲ, ನೀವೇ ನಿಮ್ಮ ಸಹೋದರರಿಗೆ ಅನ್ಯಾಯ ಮಾಡುತ್ತಿದ್ದೀರಿ ಅಂತ ಬೈಯುತ್ತಾನೆ. ಅದನ್ನು ನಮ್ಮ ಅಣ್ಣನಿಗೆ ಯಾರೂ ಓದಿ ಹೇಳಲಿಲ್ಲ. ತಗ್ಗಿ ನಡೆ ಅನ್ನುವ ಉಪದೇಶ ಯಾವಾಗಲೂ ಕಳೆದುಕೊಂಡವನಿಗೇ.

ಮಹಾಯಾಜಕನ ಮುಂದೆ ಆಳೊಬ್ಬ ಹೊಡೆದಾಗ ಯೇಸುಸ್ವಾಮಿ ಸುಮ್ನಿದ್ದರಾ? ನನ್ನ ಮಾತು ತಪ್ಪಾಗಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆಯುತ್ತೀ ಅಂದರು. ತಿರುಗಿ ಹೊಡೆಯಲಿಲ್ಲ. ಕೇಳದೆಯೂ ಬಿಡಲಿಲ್ಲ. ಪ್ರಾಣ ಕೊಡುವ ಮಾತು ಬಂದಾಗಲೂ, ಯಾರೂ ಅದನ್ನು ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅಂದರು. ಕೈಯಲ್ಲಿ ಇದ್ದದ್ದನ್ನು ಕೊಟ್ಟರೆ ಅದು ತ್ಯಾಗ. ಬೇರೆಯವರು ಕಿತ್ತುಕೊಂಡ ಮೇಲೆ ನಾನು ಏನನ್ನು ಕೊಡಲಿ? ಅಕ್ಕಾ, ನೀವು ಬಿಟ್ಟುಕೊಟ್ಟಿದ್ದರಿಂದ ನಿಮ್ಮ ತಮ್ಮ ಒಳ್ಳೆಯವನಾದನಾ?

ಉಡುಪಿ ಕಡೆಯವಳು:
ನನ್ನ ತಮ್ಮನ ವಿಷಯ ನಿಮಗೆ ಬೇಡ. ಕಾಲು ತೊಳೆಸಿಕೊಂಡ ಯೂದನೂ ಒಳ್ಳೆಯವನಾಗಲಿಲ್ಲ. ಹಾಗಂತ ತೊಳೆದದ್ದು ದಂಡವಾಯಿತಾ? ಗೆದ್ದ ಪಾಲಿನಲ್ಲಿ ನೀವು ನಿಮ್ಮ ಅಮ್ಮನಿಗೆ ಎಷ್ಟು ಕೊಟ್ಟಿರಿ, ಅದನ್ನು ಹೇಳಿ.

ಹಳೇ ವಾದಿ, ಬೆಂಗಳೂರು:
ನಾನು ಕೊಡುವುದೇನು, ಅದು ಅವರದ್ದೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಕ್ರೈಸ್ತ ವಿಧವೆಗೆ ಮೂರನೇ ಒಂದು ಪಾಲು. ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆಲ್ಲ ಸಮ. ದಾವಾ ಮುಗಿದ ಮೇಲೆ ಅಮ್ಮನ ಹೆಸರಿಗೆ ಮೊದಲ ಸಲ ಬಾಡಿಗೆ ಬಂತು. ನೀವು ಸಹಿ ಹಾಕಿದಾಗ ನಿಮ್ಮ ಅಮ್ಮನ ಆ ಪಾಲು ಎಲ್ಲಿ ಹೋಯಿತು?

ಹಾಸನದ ಮೇಷ್ಟ್ರು:
ಇಬ್ಬರೂ ಸ್ವಲ್ಪ ನಿಲ್ಲಿಸಿ. ನಾನು ಮತ್ತಾಯ 18ರ ದಾರಿ ಹಿಡಿದವನು. ಮೊದಲು ಅಣ್ಣನ ಹತ್ತಿರ ಒಬ್ಬನೇ ಹೋದೆ. ಆಮೇಲೆ ಸಾಕ್ಷಿಗೆ ಇಬ್ಬರನ್ನು ಕರೆದುಕೊಂಡು ಹೋದೆ. ಕೊನೆಗೆ ಧರ್ಮಕೇಂದ್ರದ ಹಿರಿಯರು, ಫಾದರ್. ಅವರಿಗೆ ಕಾರಿನ ಬಾಡಿಗೆ 2,800, ಊಟಕ್ಕೆ ನಾಲ್ಕು ಕೆ.ಜಿ. ಮಟನ್. ಉಂಡು ಎದ್ದವರು, "ಚಿಕ್ಕವನು ನೀನು, ನೀನೇ ತಗ್ಗಿಕೊಂಡು ಹೋಗು" ಅಂದರು. ಅಣ್ಣ ಗಂಟೆಗೋಪುರಕ್ಕೆ ಎರಡು ಲಕ್ಷ ಕೊಟ್ಟಿದ್ದ. ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಅವನು ಖಾಯಂ. ವಿಧವೆಯಾದ ನಮ್ಮ ಅಕ್ಕನನ್ನು ಒಮ್ಮೆಯೂ ಕೂರಿಸಲಿಲ್ಲ. ಹೆಂಗಸರ ಪಾದವನ್ನೂ ತೊಳೆಯಬಹುದು ಅಂತ 2016ರಲ್ಲೇ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ್ದಾರೆ.

ಜಪಮಾಲೆ:
ಮೇಷ್ಟ್ರೇ, ಗುರುಗಳ ಬಗ್ಗೆ ಎಲ್ಲರ ಮುಂದೆ ಹೀಗೆ ಬರೆಯಬೇಡಿ. ಅವರು ಊಟಕ್ಕೆ ಬಂದದ್ದನ್ನು ಲೆಕ್ಕ ಹಾಕುತ್ತೀರಾ?

ಹಾಸನದ ಮೇಷ್ಟ್ರು:
ಹಾಕುತ್ತೇನೆ. ಆ ತಿಂಗಳು ಮಗನ ಕಾಲೇಜು ಫೀ ಕಟ್ಟಲು ಸೊಸೈಟಿಯಲ್ಲಿ ಸಾಲ ತೆಗೆದೆ. ಪಾಲು ಮಾಡಿಸು ಅಂತ ಒಬ್ಬ ಕೇಳಿಕೊಂಡು ಬಂದಾಗ ಯೇಸುಸ್ವಾಮಿ ಪಂಚಾಯ್ತಿಗೆ ಕೂರಲಿಲ್ಲ, ಲೂಕ 12 ನೋಡಿ. ಆದರೆ ಎಲ್ಲ ಬಗೆಯ ದುರಾಸೆಗೂ ಎಚ್ಚರವಾಗಿರಿ ಅಂತ ಎಲ್ಲರಿಗೂ ಕೇಳುವಂತೆ ಹೇಳಿದರು. ಇವರು ಪಂಚಾಯ್ತಿಗೂ ಕೂತರು, ಆ ಮಾತನ್ನೂ ಅಣ್ಣನಿಗೆ ಹೇಳಲಿಲ್ಲ.

ಊರಲ್ಲೇ ಉಳಿದವನು:
ಓದಿ ಓದಿ ಸಾಕಾಯಿತು. ಮನೆಯಲ್ಲಿ ಉಳಿದ ಗಂಡುಮಗ ಅಂದರೆ ಕಳ್ಳ ಅಂತಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಅಪ್ಪನ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದವನು ನಾನು. ಜೀಪಿಗೆ ಹೋಗಿ ಬರಲು 1,800. ಮಳೆಗಾಲದಲ್ಲಿ ರೀಪು ಮುರಿದು ಮಾಡು ಕುಸಿಯಿತು. ಹೆಂಚು, ರೀಪು, ಪಕಾಸಿ, ಬಡಗಿಯ ಕೂಲಿ ಸೇರಿ 2,35,000. ಅಕ್ಕಂದಿರು ಫೋನಿನಲ್ಲಿ ಅತ್ತರು, ಅಷ್ಟೇ.

ಆದರೂ ಅಪ್ಪ ಹೋದ ವರ್ಷದೊಳಗೆ ಕಾಫಿ ತೋಟದ ಒಂದು ಎಕರೆ ಮಾರಿ ಇಬ್ಬರಿಗೂ ಪಾಲು ಕೊಟ್ಟೆ. ಯಾರೂ ನೋಟಿಸ್ ಕೊಟ್ಟಿರಲಿಲ್ಲ. ಬೈಬಲಿನ ಸುಂಕದವ ಜಕ್ಕಾಯನಿಗೂ ಯಾರೂ ನೋಟಿಸ್ ಕೊಡಲಿಲ್ಲ. ಯೇಸುಸ್ವಾಮಿ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆ ಅಂದರು. ಅವನು ತಾನಾಗಿಯೇ ಎದ್ದು, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ವಾದಿಯವರೇ, ದಾವಾ ಹಾಕುವ ಮುಂಚೆ ಅಣ್ಣನ ಮನೆಯಲ್ಲಿ ಒಂದು ಊಟ ಮಾಡಿದ್ದಿರಾ?

ಹಳೇ ವಾದಿ, ಬೆಂಗಳೂರು:
ಗೇಟಿಗೆ ಬೀಗ ಹಾಕಿಸಿದವನ ಮನೆಯಲ್ಲಿ ಊಟವಾ? ನೀವು ಕೊಟ್ಟಿರಿ, ಸಂತೋಷ. ನಿಮ್ಮಂಥವರು ನಮ್ಮ ಮನೆಯಲ್ಲಿ ಹುಟ್ಟಲಿಲ್ಲ.

ಶಿವಮೊಗ್ಗದ ತಂಗಿ:
ನಿಮ್ಮ ಮದುವೆಗೆ ಆರು ಲಕ್ಷ ಖರ್ಚಾಗಿದೆ, ಪಾಲು ಅದರಲ್ಲೇ ಮುಗಿಯಿತು ಅಂತಾನೆ ಅಣ್ಣ. ಅದು ನಿಜವಾ?

ಹಳೇ ವಾದಿ, ಬೆಂಗಳೂರು:
ಸುಳ್ಳು. ತಂದೆ ಬದುಕಿದ್ದಾಗ ಮಕ್ಕಳಿಗೆ ಕೊಟ್ಟದ್ದನ್ನು ಪಾಲಿನಲ್ಲಿ ಕಳೆಯುವಂತಿಲ್ಲ. ಅದೇ ಕಾಯ್ದೆಯ 49ನೇ ಕಲಂ. ನಮ್ಮ ಅಣ್ಣನೂ ನಿಮ್ಮ ಅಣ್ಣನ ಮಾತನ್ನೇ ಹೇಳಿದ್ದ. ದಾವಾ ಹಾಕಿದ ಮೇಲೂ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕೋರ್ಟ್ ಫೀ ವಾಪಸ್ ಬರುತ್ತದೆ. ನಮ್ಮವನು ರಾಜಿಗೆ ಒಪ್ಪಲಿಲ್ಲ, 1,60,000 ಹೋಯಿತು.

ಉಡುಪಿ ಕಡೆಯವಳು:
ಮಗಾ, ವಕೀಲರ ಹತ್ತಿರ ಹೋಗುವ ಮುಂಚೆ ಅಮ್ಮನ ಹತ್ತಿರ ಎರಡು ದಿನ ಇದ್ದು ಬಾ. ಅವರಿಗೆ ಏನು ಬೇಕು ಅಂತ ಇಲ್ಲಿ ಯಾರೂ ಕೇಳಲಿಲ್ಲ.

ಊರಲ್ಲೇ ಉಳಿದವನು:
ಹೋದಾಗ ಔಷಧಿ ಚೀಟಿಗಳನ್ನೂ ನೋಡು. ಅರ್ಧ ನೀನು ಕಟ್ಟು.

ಹಳೇ ವಾದಿ, ಬೆಂಗಳೂರು:
ಯಾಕೆ ಕಟ್ಟಬೇಕು? ಮನೆ ಪೂರ್ತಿ ಇಟ್ಟುಕೊಂಡವನು ಪೂರ್ತಿ ಕಟ್ಟಲಿ.

ಊರಲ್ಲೇ ಉಳಿದವನು:
ಅಮ್ಮ ಇಬ್ಬರಿಗೂ ಅಮ್ಮ ಅಲ್ವಾ ಸ್ವಾಮಿ?