ಕಾಲೇಜು ಲ್ಯಾನ್ ಟೂರ್ನಿಯಲ್ಲಿ ಚೀಟಿಂಗ್ ತಡೆಯಲಿಕ್ಕೆ ಎಂತ ಮಾಡುವುದು?

ಸುರತ್ಕಲ್_ರಶ್:
ಮಂಗಳೂರಲ್ಲಿ ಫೆಸ್ಟಿಗೆ ಶೂಟಿಂಗ್ ಆಟ ಕೌಂಟರ್-ಸ್ಟ್ರೈಕ್ 2 ಇಡ್ತಿದ್ದೇವೆ. 16 ತಂಡ. 10 ಪಿಸಿ ನಮ್ಮದೇ, ಮೌಸ್-ಕೀಬೋರ್ಡ್ ಆಟಗಾರರದ್ದು. ಆಟ ಮಾಡಿದ ವಾಲ್ವ್ ಕಂಪೆನಿಯ ಚೀಟ್ ಹಿಡಿಯುವ ವ್ಯವಸ್ಥೆ ವ್ಯಾಕ್ ಒಂದೇ ಸಾಕಾ?

ಬಂದರ್_ಅಡ್ಮಿನ್:
ಸಾಕಾಗ್ಲಿಕ್ಕಿಲ್ಲ. ವ್ಯಾಕ್ ಕಳ್ಳನನ್ನು ಹಿಡಿದರೂ ಬ್ಯಾನ್ ಆಗಲಿಕ್ಕೆ ದಿನಗಟ್ಟಲೆ ಹೋಗಬಹುದು. ಅಷ್ಟರೊಳಗೆ ಟ್ರೋಫಿ ಯಾರದ್ದೋ ಮನೆಯ ಶೋಕೇಸ್ ಸೇರಿರ್ತದೆ.

ಪಿಸಿ ನಿಮ್ಮದೇ ಆದದ್ದು ಅರ್ಧ ಗೆಲುವು. ಆಟದ ಮೆಮೊರಿ ಕದ್ದು ಓದಿ ಚೀಟ್ ಮಾಡಲಿಕ್ಕೆ ಬಳಸುವ ಡಿಎಂಎ ಕಾರ್ಡ್ ಸಿಕ್ಕಿಸಲಿಕ್ಕೆ ಕ್ಯಾಬಿನೆಟ್ ಬಿಚ್ಚಬೇಕಲ್ಲ. ಆಟಗಾರರಿಗೆ ಅಡ್ಮಿನ್ ಹಕ್ಕಿಲ್ಲದ ವಿಂಡೋಸ್ ಖಾತೆ ಕೊಡಿ, ಯಾವ ಪ್ರೋಗ್ರಾಂ ಓಡಬಹುದೆಂದು ನಿಯಮ ಹಾಕುವ ವಿಂಡೋಸಿನ ಆಪ್‌ಲಾಕರ್ ಹಾಕಿ. ಎಡವುವುದು ಇಲ್ಲಿಯೇ: ಅಪ್ಲಿಕೇಶನ್ ಐಡೆಂಟಿಟಿ ಸರ್ವಿಸ್ ಚಾಲೂ ಇಲ್ಲದಿದ್ದರೆ ನಿಯಮ ಹಾಕಿಯೂ ಹಾಕದ ಹಾಗೆ. ಇನ್ನೊಂದು, ಡೀಫಾಲ್ಟ್ ನಿಯಮ ಪ್ರೋಗ್ರಾಂ ಫೈಲ್ಸ್ ಒಳಗಿನದ್ದನ್ನೆಲ್ಲ ಬಿಡ್ತದೆ. ಆದರೆ ಆಟ ಓಡಿಸುವ ಸ್ಟೀಮ್ ಆಪ್ ತನ್ನ ಫೋಲ್ಡರಿಗೆ ಸಾಮಾನ್ಯ ಬಳಕೆದಾರನೂ ಬರೆಯಬಹುದಾದ ಅನುಮತಿ ಕೊಟ್ಟಿರ್ತದೆ. ಅಲ್ಲಿ ಹಾಕಿದ ಎಕ್ಸ್ಇ (ಪ್ರೋಗ್ರಾಂ ಫೈಲ್) ಆರಾಮವಾಗಿ ಓಡ್ತದೆ. ಆ ಫೋಲ್ಡರನ್ನು ಡೀಫಾಲ್ಟ್ ನಿಯಮದಿಂದ ಹೊರಗಿಟ್ಟು, ಸ್ಟೀಮಿಗೂ ಆಟಕ್ಕೂ ಪಬ್ಲಿಷರ್ (ಕಂಪೆನಿಯ ಡಿಜಿಟಲ್ ಸಹಿ ನೋಡುವ) ಅಥವಾ ಹ್ಯಾಶ್ (ಫೈಲಿನ ಬೆರಳಚ್ಚು ನೋಡುವ) ನಿಯಮ ಬರೆಯಿರಿ. ಡಿಎಲ್ಎಲ್ (ಪ್ರೋಗ್ರಾಂ ಒಳಗೆ ಸೇರುವ ಕೋಡ್ ಫೈಲ್) ನಿಯಮ ಡೀಫಾಲ್ಟಾಗಿ ಆಫ್ ಇರ್ತದೆ, ಅದನ್ನೂ ಆನ್ ಮಾಡಿ.

2018ರಲ್ಲಿ ಶಾಂಘೈಯ ಟೂರ್ನಿಯಲ್ಲಿ ಆಪ್ಟಿಕ್ ಇಂಡಿಯಾ ತಂಡದ ಆಟಗಾರ ಸಿಕ್ಕಿಬಿದ್ದಾಗ ಗುರಿ ತಾನೇ ಹಿಡಿಯುವ ಏಮ್‌ಬಾಟ್‌ನ ಹೆಸರು "ವರ್ಡ್.ಎಕ್ಸ್ಇ" ಎಂದಿತ್ತು. 5 ವರ್ಷ ನಿಷೇಧ ಬಿತ್ತು. ಫೈಲಿನ ಹೆಸರು ನಂಬಿ ಮೋಸಹೋಗಬೇಡಿ.

ಮಣಿಪಾಲ_ಟಿಕ್64:
ಪೆನ್‌ಡ್ರೈವ್ ಪೂರ್ತಿ ಬಂದ್. ಆಟಗಾರರ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲ್ ಹಿಂದಿನ ದಿನವೇ ತೆಗೆದುಕೊಂಡು, ನೋಟ್‌ಪ್ಯಾಡಲ್ಲಿ ಓದಿ, ನೀವೇ ಹಾಕಿ. ಮೌಸ್ ಸಾಫ್ಟ್‌ವೇರ್ ಬೇಡವೇ ಬೇಡ. ಆದರೆ ಮ್ಯಾಕ್ರೋ (ಒಂದು ಬಟನ್ ಒತ್ತಿದರೆ ಹಲವು ಕೆಲಸ ತಾನೇ ಮಾಡುವ ಆದೇಶ) ಮೌಸಿನ ಆನ್‌ಬೋರ್ಡ್ ಮೆಮೊರಿಯಲ್ಲಿ ಕೂತು ಬರಬಹುದು: ನೋಟ್‌ಪ್ಯಾಡ್ ಹಿಡಿಯುವುದಿಲ್ಲ, ಸಾಫ್ಟ್‌ವೇರ್ ತೆಗೆದರೂ ಹೋಗುವುದಿಲ್ಲ. ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿ ಫ್ಯಾಕ್ಟರಿ ರೀಸೆಟ್ ಮಾಡಿ, ಡಿಪಿಐ (ಮೌಸಿನ ಸೂಕ್ಷ್ಮತೆ) ಮಾತ್ರ ತಿರುಗಿ ಇಡಿ.

ಎದುರುಬದುರು ದಿಕ್ಕಿನ ಎರಡು ಕೀ ಒಟ್ಟಿಗೆ ಒತ್ತಿದರೆ ಕೊನೆಯದ್ದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ನ್ಯಾಪ್ ಟ್ಯಾಪ್ ಕೀಬೋರ್ಡಿನ ಜಗಳ ಖಂಡಿತ ಬರ್ತದೆ ಮಾರಾಯ್ರೆ. 2024ರ ಆಗಸ್ಟಿನಿಂದ ವಾಲ್ವ್ ತನ್ನ ಸರ್ವರಿನಲ್ಲಿ ಅದನ್ನು ಕಂಡರೆ ಆಟಗಾರನನ್ನು ಹೊರಗೆ ಹಾಕ್ತದೆ. ನಿಮ್ಮ ಸರ್ವರಿಗೆ ನಿಯಮ ನೀವೇ ಬರೆದು, ನೋಂದಣಿ ಫಾರ್ಮಿನಲ್ಲೇ ಹಾಕಿ.

ಬಂದರ್_ಅಡ್ಮಿನ್:
@ಮಣಿಪಾಲ_ಟಿಕ್64 ಹೌದು, ರೀಸೆಟ್ ವಿಷಯ ಬಿಟ್ಟುಹೋಗಿತ್ತು.

ಕಾಪು_ಡೆಮೋ:
ಎಲ್ಲ ಪಂದ್ಯದ ಡೆಮೋ (ತಿರುಗಿ ನೋಡುವ ರೆಕಾರ್ಡಿಂಗ್) ಸರ್ವರಲ್ಲೇ ರೆಕಾರ್ಡ್ ಮಾಡಿ. ಅದಕ್ಕೆ ಬೇಕಾದ ಸಿಎಸ್‌ಟಿವಿ (ಹಿಂದಿನ ಹೆಸರು ಜಿಒಟಿವಿ) ಆನ್ ಮಾಡುವುದು ಮ್ಯಾಪ್ ಲೋಡ್ ಆಗುವ ಮೊದಲು, ಆಮೇಲೆ ಮಾಡಿದರೆ ಮುಂದಿನ ಮ್ಯಾಪಿಗೇ ಅದು ಸಿಗುವುದು. ದೂರು ಬಂದರೆ ಗೋಡೆಯಾಚೆಯ ಆಟಗಾರರನ್ನೂ ತೋರಿಸುವ ಎಕ್ಸ್-ರೇ ಹಾಕಿ ಕಾಲು ವೇಗದಲ್ಲಿ ನೋಡಿ. ಗೋಡೆಯಾಚೆಯ ಎದುರಾಳಿ ಶಿಫ್ಟ್ ಒತ್ತಿ ಸದ್ದಿಲ್ಲದೆ ನಡೆಯುವಾಗಲೂ ಗುರಿಯ ಗುರುತಾದ ಕ್ರಾಸ್‌ಹೇರ್ ಅವನ ಬೆನ್ನು ಬಿಡದಿದ್ದರೆ ಸಂಶಯಪಡಿ. ಓಡುವ ಸದ್ದು ಕೇಳುತ್ತಿದ್ದರೆ ಅದು ಸಾಕ್ಷಿ ಅಲ್ಲ. ಒಂದೇ ರೌಂಡ್ ನೋಡಿ ತೀರ್ಪು ಕೊಡಬೇಡಿ.

ಮತ್ತೆ ಪ್ರೇಕ್ಷಕರಿಗೆ ಪಂದ್ಯ ತೋರಿಸುವ ಪ್ರೊಜೆಕ್ಟರ್! ಪರದೆ ಆಟಗಾರರ ಕಣ್ಣಿಗೆ ಬೀಳುವ ಕಡೆ ಇದ್ದರೆ ಆಪ್‌ಲಾಕರ್ ಎಂತ ಮಾಡ್ತದೆ? ಬೆನ್ನ ಹಿಂದೆ ಇಡಿ, ಪ್ರತಿಬಿಂಬ ಕಾಣದ ಹಾಗೆ ಎದುರಿನ ಕಿಟಕಿ ಗಾಜಿಗೆ ಬಟ್ಟೆಯ ಪರದೆ ಎಳೆಯಿರಿ. ಹಿಂದಿನಿಂದ "ಬಿ ಸೈಟಲ್ಲಿ ಉಂಟು" ಅಂತ ಬೊಬ್ಬೆ ಹಾಕುವವರಿಗೆ ಹೊರಗಿನ ದಾರಿ ತೋರಿಸಿ.