'ಕ್ರ್ಯಾಶ್'ಗೆ ಕನ್ನಡ ಬೇಕು, ನಾಳೆ ಬೆಳಿಗ್ಗೆಯೊಳಗೆ

ನಮಸ್ಕಾರ. ಶಿವಮೊಗ್ಗದಲ್ಲಿ ಒಂದಷ್ಟು ಹುಡುಗರಿಗೆ ಫ್ಲೈಟ್ ಸಿಮ್ಯುಲೇಟರ್ (ಕಂಪ್ಯೂಟರಿನಲ್ಲೇ ವಿಮಾನ ಹಾರಿಸೋ ಪ್ರೋಗ್ರಾಮ್) ಕಲಿಸುತ್ತಿದ್ದೇನೆ. 2023ರಲ್ಲಿ ಶುರುವಾದ ನಮ್ಮ ಸೋಗಾನೆ ವಿಮಾನ ನಿಲ್ದಾಣದ ಆಡ್-ಆನ್ (ಪ್ರೋಗ್ರಾಮಿಗೆ ಆಮೇಲೆ ಸೇರಿಸೋ ಭಾಗ) ಹಾಕಿದ ಮೇಲೆ ಒಂದೇ ಗೋಳು. ಆ ಕಮಲದ ಆಕಾರದ ಟರ್ಮಿನಲ್ ಕಣ್ಣಿಗೆ ಬೀಳೋ ಹೊತ್ತಿಗೆ ಸರಿಯಾಗಿ ಎಲ್ಲ ಮಾಯವಾಗಿ ಡೆಸ್ಕ್‌ಟಾಪ್ ಬಂದು ಕೂರುತ್ತೆ. ಹಾಗಾದಾಗ ಏನು ಮಾಡಬೇಕು ಅಂತ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಬೇಕು. 'ಪತನ' ಅಂತ ಬರೆದಿದ್ದೆ. ಒಬ್ಬ ಹುಡುಗ ಓದಿ, "ಸಾರ್, ವಿಮಾನ ಬಿದ್ದೇ ಇಲ್ವಲ್ಲ, ಚೆನ್ನಾಗೇ ಹಾರ್ತಿತ್ತು" ಅಂದ. ನಿಜ. ವಿಮಾನ ಗುಡ್ಡಕ್ಕೆ ಬಡಿದರೂ ಕ್ರ್ಯಾಶ್, ಪ್ರೋಗ್ರಾಮ್ ನಿಂತರೂ ಕ್ರ್ಯಾಶ್. ಆಡ್-ಆನ್‌ಗಳೆಲ್ಲ ಕೂರೋದು ಕಮ್ಯೂನಿಟಿ ಅನ್ನೋ ಫೋಲ್ಡರಿನಲ್ಲಿ. ಹಾಳೆಯಲ್ಲಿ ಇರೋದು ಇಷ್ಟೇ:

"ಕಮ್ಯೂನಿಟಿ ಫೋಲ್ಡರಿನಲ್ಲಿರುವುದನ್ನೆಲ್ಲ ಹೊರಗಿಟ್ಟು ಓಡಿಸಿ. ಸರಿಯಾಗಿ ಓಡಿದರೆ ಅರ್ಧ ಮಾತ್ರ ವಾಪಸ್ ಹಾಕಿ. ಮತ್ತೆ ____ ಆದರೆ ತಪ್ಪು ಆ ಅರ್ಧದಲ್ಲೇ ಇದೆ, ಅದನ್ನೂ ಅರ್ಧ ಮಾಡಿ."

ಖಾಲಿ ಜಾಗ ತುಂಬಿಸಿಕೊಡಿ.

ಸಾಗರದಿಂದ:
'ಪತನ' ಬಿಡಬೇಡಿ. ಸಂಸ್ಕೃತದ 'ಪತ್' ಧಾತುವಿಗೆ ಬೀಳು ಅನ್ನೋ ಅರ್ಥದ ಜೊತೆಗೆ ಹಾರು ಅನ್ನೋ ಅರ್ಥವೂ ಇದೆ. ಪತಂಗ ಅಲ್ಲಿಂದಲೇ ಬಂತು, ರೆಕ್ಕೆ ಅನ್ನೋ ಅರ್ಥದ 'ಪತ್ರ'ವೂ ಅಲ್ಲಿಂದಲೇ. ಹಾರೋದು, ಬೀಳೋದು ಎರಡೂ ಒಂದೇ ಬೇರಿನಲ್ಲಿರುವಾಗ ವಿಮಾನಕ್ಕೆ ಇನ್ಯಾವ ಪದ ಬೇಕು?

ತೀರ್ಥಹಳ್ಳಿಯಿಂದ:
ಬೇರು ಕಿತ್ತು ಗೋಡೆಗೆ ಅಂಟಿಸೋಕಾಗಲ್ಲ. ಸುಮ್ನೆ 'ಕುಸಿತ' ಅನ್ನಿ. ಆಡ್-ಆನ್‌ಗೆ 'ಕೂಡಿಕೆ'. ಎರವಲು ಜಾಸ್ತಿಯಾಗಿಯೇ ಕನ್ನಡ ಸೊರಗಿದ್ದು.

ಸಾಗರದಿಂದ:
'ಜಾಸ್ತಿ' ಯಾವ ಅಚ್ಚಗನ್ನಡ ಸ್ವಾಮಿ? ಅರಬ್ಬಿ-ಪಾರ್ಸಿ ಕಡೆಯದು. ಕೂತಿರೋ ಕುರ್ಚಿಯೂ ಅರಬ್ಬಿ. ಮೊದಲು ಅದರಿಂದ ಎದ್ದೇಳಿ.

ತೀರ್ಥಹಳ್ಳಿಯಿಂದ:
ಕುರ್ಚಿ ಜನರ ಬಾಯಲ್ಲಿ ಸವೆದು ನಮ್ಮದಾಗಿದೆ. ನಿಮ್ಮ ಧಾತು ಯಾರ ಬಾಯಲ್ಲಿದೆ? ನಾನು ಇನ್ನು ಉತ್ತರಿಸಲ್ಲ.

ಶಿವಮೊಗ್ಗದಿಂದ:
ಮಾರಾಯ್ರೇ, ಪ್ರಿಂಟಿಗೆ ಕಳಿಸಿ ಆಯ್ತು. 'ಕುಸಿತ' ಅಂದರೆ ನಮ್ಮ ಹುಡುಗರಿಗೆ ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದದ್ದೇ ನೆನಪಾಗೋದು. 'ಕೂಡಿಕೆ' ಅಂದರೆ ಕೆಲವು ಕಡೆ ಮರುಮದುವೆ, ಅದನ್ನು ಗೋಡೆಗೆ ಅಂಟಿಸಿದರೆ ನನ್ನ ಗತಿ? ಕೊನೆಗೆ ನಾಮಪದವನ್ನೇ ಬಿಟ್ಟೆ. ವಿಮಾನಕ್ಕೆ 'ಬಿದ್ದರೆ', ಪ್ರೋಗ್ರಾಮಿಗೆ 'ತಾನಾಗೇ ಮುಚ್ಚಿಕೊಂಡರೆ'. ಆ ಹುಡುಗನಿಗೆ ಓದಲು ಕೊಟ್ಟೆ, ಏನೂ ಕೇಳದೆ ಹೋಗಿ ಫೋಲ್ಡರ್ ತೆಗೆದ.

ಆದರೆ ಹಾಳೆ ಅಷ್ಟಕ್ಕೇ ಸಾಲಲಿಲ್ಲ. ಮೊದಲ ಅರ್ಧ ಹಾಕಿದರೂ ಓಡಿತು, ಅದನ್ನು ತೆಗೆದು ಇನ್ನರ್ಧ ಹಾಕಿದರೂ ಓಡಿತು. ಎರಡನ್ನೂ ಒಟ್ಟಿಗೆ ಹಾಕಿದಾಗ ಮುಚ್ಚಿಕೊಂಡಿತು. ನೋಡಿದರೆ ಸೋಗಾನೆಯದೇ ಎರಡು ಆಡ್-ಆನ್, ಇಬ್ಬರು ಬೇರೆ ಬೇರೆ ಮಾಡಿದ್ದು, ಅರ್ಧಕ್ಕೊಂದರಂತೆ ಕೂತಿವೆ. ಒಂದನ್ನು ಕಿತ್ತೆ, ಈಗ ಕಮಲ ಕಾಣುತ್ತೆ. ಹಾಳೆಗೆ ಇನ್ನೊಂದು ಸಾಲು ಸೇರಿಸಬೇಕು. ಎರಡು ಆಡ್-ಆನ್ ಹೀಗೆ ಒಂದಕ್ಕೊಂದು ಕಚ್ಚಾಡೋದಕ್ಕೆ...

ಬೇಡ ಬಿಡಿ, ಪದ ಕೇಳಲ್ಲ.