ಗುಂಪಿನ ಪ್ರಶ್ನೋತ್ತರ: ಮೆನ್ಸಾ ಮತ್ತು ಇತರ ಹೈ ಐಕ್ಯೂ ಸಂಘಗಳಿಗೆ ಸೇರುವುದು ಹೇಗೆ?

ಅಡ್ಮಿನ್: ಇವತ್ತು ಐಕ್ಯೂ ಪರೀಕ್ಷೆ ಮತ್ತು ಹೈ ಐಕ್ಯೂ ಸಂಘಗಳ ಪ್ರವೇಶದ ಬಗ್ಗೆ ಕೇಳಬಹುದು. ಉತ್ತರ ಕೊಡುವವರು ಮಕ್ಕಳಿಗೂ ದೊಡ್ಡವರಿಗೂ ಬುದ್ಧಿಮಾಪನ ಮಾಡುವ ಮನಶ್ಶಾಸ್ತ್ರಜ್ಞೆ. ಗುಂಪಿನಲ್ಲಿ ಅವರ ಹೆಸರು 'ಮಾಪಕಿ'. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ. ಫಾರ್ವರ್ಡ್ ಹಾಕಬೇಡಿ.

ಹೊಸಬ: ಮೆನ್ಸಾ ಸೇರೋಕೆ ಎಷ್ಟು ಐಕ್ಯೂ ಬೇಕು? ಒಂದು ಕಡೆ 130, ಒಂದು ಕಡೆ 132, ಇನ್ನೊಂದು ಕಡೆ 148 ಅಂತಿದೆ. ಯಾವುದು ಸರಿ?

ಮಾಪಕಿ: ಮೂರೂ ಸರಿ. ಮೆನ್ಸಾ ಕೇಳುವುದು ಅಂಕವನ್ನಲ್ಲ, ಸ್ಥಾನವನ್ನು. ಅವರು ಒಪ್ಪುವ ಪರೀಕ್ಷೆಯಲ್ಲಿ ನೀವು ಮೇಲಿನ ಶೇ 2ರೊಳಗೆ ಇರಬೇಕು. ಎಲ್ಲ ಪರೀಕ್ಷೆಗಳಲ್ಲೂ ಸರಾಸರಿ 100, ಆದರೆ ಅಂಕಗಳ ಹರವು ಬೇರೆಬೇರೆ. ವೆಕ್ಸ್‌ಲರ್ ಪರೀಕ್ಷೆಗಳಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ 15, ಹಳೆಯ ಸ್ಟ್ಯಾನ್‌ಫರ್ಡ್-ಬಿನೆಯಲ್ಲಿ 16, ಕ್ಯಾಟಲ್ 3ಬಿಯಲ್ಲಿ 24. ಸರಾಸರಿಯಿಂದ ಎರಡು ಡೀವಿಯೇಷನ್ ಮೇಲಕ್ಕೆ ಎಣಿಸಿದರೆ 130, 132, 148 ಬರುತ್ತದೆ. ಹೋಲಿಸಬೇಕಾದರೆ ಅಂಕದಲ್ಲಿ 100 ಕಳೆಯಿರಿ, ಆ ಪರೀಕ್ಷೆಯ ಡೀವಿಯೇಷನ್‌ನಿಂದ ಭಾಗಿಸಿ, 15ರಿಂದ ಗುಣಿಸಿ, 100 ಕೂಡಿಸಿ. ಪರೀಕ್ಷೆಯ ಹೆಸರಿಲ್ಲದ ಅಂಕಕ್ಕೆ ಬೆಲೆಯಿಲ್ಲ.

ಚುಕ್ಕಿ: ಆನ್‌ಲೈನ್ ಪರೀಕ್ಷೆಯಲ್ಲಿ 161 ಬಂತು. ಸರ್ಟಿಫಿಕೇಟ್ ಬೇಕಾದರೆ ದುಡ್ಡು ಕಟ್ಟಿ ಅಂತಿದೆ. ಅದನ್ನ ಮೆನ್ಸಾಗೆ ಕಳಿಸಬಹುದಾ?

ಮಾಪಕಿ: ಇಲ್ಲ. ದುಡ್ಡು ಕಟ್ಟಬೇಡಿ. ಮೇಲ್ವಿಚಾರಕರು ಇಲ್ಲದೆ ಬರೆದದ್ದು ಪ್ರವೇಶಕ್ಕೆ ನಡೆಯುವುದಿಲ್ಲ. ಮೆನ್ಸಾದವರೇ ಅಂತರ್ಜಾಲದಲ್ಲಿ ಹಾಕಿರುವ ಅಭ್ಯಾಸ ಪರೀಕ್ಷೆಗೂ ಇದೇ ಮಾತು.

ಏಳರ ಅಮ್ಮ: ಮೇಡಂ, ಮಗನಿಗೆ ಏಳು ವರ್ಷ. ಕಳೆದ ತಿಂಗಳು ವಿಸ್ಕ್-5 ಅನ್ನುವ ಮಕ್ಕಳ ವೆಕ್ಸ್‌ಲರ್ ಪರೀಕ್ಷೆ ಮಾಡಿಸಿದೆವು. ಒಟ್ಟು ಐಕ್ಯೂ 122. ಉಪಪರೀಕ್ಷೆಗಳಲ್ಲಿ ಸಿಮಿಲಾರಿಟೀಸ್ 17, ವೊಕ್ಯಾಬುಲರಿ 16, ಬ್ಲಾಕ್ ಡಿಸೈನ್ 13, ಮ್ಯಾಟ್ರಿಕ್ಸ್ 16, ಫಿಗರ್ ವೇಟ್ಸ್ 16, ಡಿಜಿಟ್ ಸ್ಪ್ಯಾನ್ 10, ಕೋಡಿಂಗ್ 5. ಸಿಂಬಲ್ ಸರ್ಚ್ 9 ಅಂತಲೂ ಇದೆ. 130 ಬರಲಿಲ್ಲ, ಹಾಗಾದರೆ ಮೆನ್ಸಾ ಆಸೆ ಬಿಡಬೇಕಾ? ಶಾಲೆಯಲ್ಲಿ ಬರವಣಿಗೆ ಮುಗಿಸುವುದಿಲ್ಲ, ಸೋಮಾರಿ ಅಂತ ಟೀಚರ್ ಹೇಳ್ತಾರೆ.

ಮಾಪಕಿ: ಇದಕ್ಕೆ ಉದ್ದವಾಗಿಯೇ ಬರೆಯುತ್ತೇನೆ. 122ಕ್ಕಿಂತ ಆ 5 ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದೆ.

ಉಪಪರೀಕ್ಷೆಗಳ ಸರಾಸರಿ 10, ಡೀವಿಯೇಷನ್ 3. 16 ಅಂದರೆ ನೂರರಲ್ಲಿ ಮೇಲಿನ ಇಬ್ಬರು ಮೂವರೊಳಗೆ. 5 ಅಂದರೆ ಕೆಳಗಿನ ಐವರೊಳಗೆ. ಎರಡೂ ಒಂದೇ ಮಗುವಿನಲ್ಲಿ ಇವೆ. ಒಟ್ಟು ಐಕ್ಯೂಗೆ ನೀವು ಬರೆದ ಮೊದಲ ಏಳೂ ಸೇರುತ್ತವೆ, ಸಿಂಬಲ್ ಸರ್ಚ್ ಸೇರುವುದಿಲ್ಲ. ಮೊದಲ ಐದರಿಂದಲೇ ತೆಗೆದರೆ ಬರುವುದು ಜಿಎಐ, ಅಂದರೆ ಜನರಲ್ ಎಬಿಲಿಟಿ ಇಂಡೆಕ್ಸ್. ಈ ಅಂಕಗಳಿಗೆ ಅದು 130 ದಾಟುತ್ತದೆ. 122 ಲೆಕ್ಕದಲ್ಲಿ ತಪ್ಪಿಲ್ಲ, ಆದರೆ 17 ಮತ್ತು 5 ಬೆರೆಸಿ ತೆಗೆದ ಸಂಖ್ಯೆಯಲ್ಲಿ ನಿಮ್ಮ ಮಗ ಕಾಣಿಸುತ್ತಿಲ್ಲ.

ಕೋಡಿಂಗ್ ಏನು ಅಂತ ನೋಡಿ. ಈ ವಯಸ್ಸಿನವರ ಹಾಳೆಯಲ್ಲಿ ಸಾಲುಸಾಲಾಗಿ ಆಕಾರಗಳು ಇರುತ್ತವೆ. ಮೇಲಿನ ಮಾದರಿ ನೋಡಿಕೊಂಡು ಪ್ರತಿ ಆಕಾರದೊಳಗೆ ಅದರ ಗುರುತು ಬರೆಯಬೇಕು. ಸಮಯ 120 ಸೆಕೆಂಡು. ಇಲ್ಲಿ ಯೋಚನೆ ಕಡಿಮೆ, ಕಣ್ಣು ಮತ್ತು ಕೈಯ ಕೆಲಸ ಹೆಚ್ಚು. ಸಿಂಬಲ್ ಸರ್ಚ್‌ಗೂ ಅಷ್ಟೇ ಸಮಯ, ಆದರೆ ಅಲ್ಲಿ ಹುಡುಕಿ ಒಂದು ಗೀಟು ಎಳೆದರೆ ಸಾಕು. ಅದು 9, ಇದು 5. ಹುಡುಕುವ ಕಣ್ಣು ಸರಿಯಿದ್ದು ಬರೆಯುವ ಕೈ ಹಿಂದೆ ಬಿದ್ದಿರಬಹುದು ಅನ್ನುವುದು ನನ್ನ ಮೊದಲ ಅನುಮಾನ. ಆದರೆ ನಾಲ್ಕು ಅಂಕದ ವ್ಯತ್ಯಾಸದಿಂದಲೇ ಯಾರೂ ತೀರ್ಪು ಕೊಡಬಾರದು. ಒಂದೊಂದು ಗುರುತನ್ನೂ ಅಂದವಾಗಿ ಬರೆಯಲು ಹೋಗಿ ಸಮಯ ಕಳೆದುಕೊಳ್ಳುವ ಮಕ್ಕಳಿದ್ದಾರೆ, ಸಾಲಿನ ಮಧ್ಯೆ ಗಮನ ಜಾರುವವರೂ ಇದ್ದಾರೆ.

ಪರೀಕ್ಷೆ ಮಾಡಿದವರನ್ನು ಮೂರು ವಿಷಯ ಕೇಳಿ. ಕೋಡಿಂಗ್‌ನಲ್ಲಿ ತಪ್ಪುಗಳೆಷ್ಟು? ಶುರುವಿನಿಂದಲೇ ನಿಧಾನವೋ, ಬರುಬರುತ್ತಾ ನಿಧಾನವಾಯಿತೋ? ಬ್ಲಾಕ್ ಡಿಸೈನ್‌ನಲ್ಲಿ ವೇಗದ ಬೋನಸ್ ಬಿಟ್ಟು ಲೆಕ್ಕ ಹಾಕಿದರೆ ಎಷ್ಟು? ತಪ್ಪಿಲ್ಲದೆ ನಿಧಾನವಾಗಿದ್ದರೆ ಒಂದು ದಾರಿ, ತಪ್ಪು ಹೆಚ್ಚಿದ್ದರೆ ಬೇರೆ ದಾರಿ. ಮನೆಯಲ್ಲಿ ಹತ್ತು ನಿಮಿಷ ನೋಡಿ ಬರೆಯುವ ಕೆಲಸ ಕೊಟ್ಟು ಪಕ್ಕದಲ್ಲಿ ಕೂತು ಗಮನಿಸಿ. ಪೆನ್ಸಿಲ್ ಹಿಡಿತ ಹೇಗಿದೆ, ಎಷ್ಟು ಒತ್ತುತ್ತಾನೆ, ಯಾವಾಗ ಕೈ ಒದರುತ್ತಾನೆ. ಅದೇ ವಿಷಯವನ್ನು ಬಾಯಲ್ಲಿ ಹೇಳಿಸಿ. ಬಾಯಿಗೂ ಹಾಳೆಗೂ ಅಂತರ ದೊಡ್ಡದಿದ್ದರೆ ಅದು ಸೋಮಾರಿತನವಲ್ಲ. ಮೊದಲು ಕಣ್ಣು ತೋರಿಸಿ, ಹತ್ತಿರದ ನೋಟವನ್ನೂ ಪರೀಕ್ಷಿಸಲು ಹೇಳಿ. ಆಮೇಲೆ ಮಕ್ಕಳ ಬರವಣಿಗೆ ನೋಡುವ ಆಕ್ಯುಪೇಷನಲ್ ಥೆರಪಿಸ್ಟ್.

ಮೆನ್ಸಾ ವಿಷಯ: ಜಿಎಐ ಒಪ್ಪುತ್ತೀರಾ ಅಂತ ನಿಮ್ಮ ದೇಶದ ಘಟಕಕ್ಕೆ ಬರೆದು ಕೇಳಿ. ಇಂಥ ಏರುಪೇರು ಇರುವ ಮಕ್ಕಳನ್ನು ಒಟ್ಟು ಐಕ್ಯೂ ಒಂದರಿಂದಲೇ ಹೊರಗಿಡಬಾರದು ಅನ್ನುವುದು ಅಮೆರಿಕದ ಪ್ರತಿಭಾವಂತ ಮಕ್ಕಳ ಸಂಘ ಎನ್‌ಎಜಿಸಿಯ 2018ರ ನಿಲುವು. ಜಿಎಐಯನ್ನು ನೀವೇ ಲೆಕ್ಕ ಹಾಕಿ ಕಳಿಸಬೇಡಿ. ವರದಿಯಲ್ಲೇ ಅದು ಇರಬೇಕು, ಜೊತೆಗೆ ಪರೀಕ್ಷೆಯ ಆವೃತ್ತಿ, ದಿನಾಂಕ, ಆ ದಿನದ ವಯಸ್ಸು, ಪರ್ಸೆಂಟೈಲ್, ಪರೀಕ್ಷಕರ ಸಹಿ. ಒಂದು ವರ್ಷದೊಳಗೆ ಇದೇ ಪರೀಕ್ಷೆ ಮತ್ತೆ ಮಾಡಿಸಬೇಡಿ.

ಕಿಟಕಿ: ಬಣ್ಣಗುರುಡು ಇರುವವರಿಗೆ ಚಿತ್ರಗಳ ಸಾಲಿನಲ್ಲಿ ಬಿಟ್ಟುಹೋದದ್ದನ್ನು ಹುಡುಕುವ ಮ್ಯಾಟ್ರಿಕ್ಸ್ ಪರೀಕ್ಷೆಯಲ್ಲಿ ತೊಂದರೆ ಆಗುತ್ತಾ? ಮೊದಲೇ ತಿಳಿಸಬೇಕಾ?

ಸಹಾಯಹಸ್ತ: ಏಳರ ಅಮ್ಮ ಅವರೇ, ಚಿಂತೆ ಬೇಡ. ನನ್ನ ಹತ್ತಿರ ವಿಸ್ಕ್ ಪ್ರಶ್ನೆಗಳ ಪಿಡಿಎಫ್ ಇದೆ, ಇಲ್ಲೇ ಹಾಕಿದ್ದೀನಿ. ಕೋಡಿಂಗ್ ದಿನಾ ಹತ್ತು ಸಲ ಮಾಡಿಸಿ, ಮುಂದಿನ ಸಲ 130 ಗ್ಯಾರಂಟಿ.

ಮಾಪಕಿ: ಅಡ್ಮಿನ್, ಆ ಕಡತವನ್ನು ಈಗಲೇ ಅಳಿಸಿ. ಏಳರ ಅಮ್ಮ, ದಯವಿಟ್ಟು ತೆರೆಯಬೇಡಿ. ವಿಸ್ಕ್-5ರ ಮಾನದಂಡ ನಿಂತಿರುವುದು ಪ್ರಶ್ನೆಗಳನ್ನು ಮೊದಲು ನೋಡಿರದ 2,200 ಮಕ್ಕಳ ಮೇಲೆ, ಒಂದೊಂದು ವಯಸ್ಸಿಗೆ 200ರಂತೆ. ನೋಡಿಕೊಂಡು ಬಂದ ಮಗುವನ್ನು ಅವರ ಜೊತೆ ಹೋಲಿಸಲು ಬರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಉರು ಹೊಡೆಸಿ ಆ 5ನ್ನು 9 ಮಾಡಿದರೆ ಹುಡುಗನ ಕೈಗೆ ಸಹಾಯ ಬೇಕು ಅನ್ನಲು ಕಾಗದದಲ್ಲಿದ್ದ ಒಂದೇ ಸುಳಿವು ಅಳಿಸಿಹೋಗುತ್ತದೆ. ಸಹಾಯ ಅಂದುಕೊಂಡು ಇದನ್ನು ಮಾಡಬೇಡಿ.

ಅಡ್ಮಿನ್: ಅಳಿಸಿದ್ದೇನೆ.

ಸಹಾಯಹಸ್ತ: ಒಳ್ಳೇದು ಮಾಡೋಕೆ ಹೋದರೆ ಬೈಸಿಕೊಳ್ಳಬೇಕು. ಪ್ರವೇಶ ಪರೀಕ್ಷೆಗಳಿಗೆ ಎಲ್ಲರೂ ಹಳೇ ಪ್ರಶ್ನೆಪತ್ರಿಕೆ ಓದಿಯೇ ಹೋಗ್ತಾರಲ್ವಾ?

ಗಣಿತಪ್ರಿಯ: ಅಲ್ಲಿ ಅಳೆಯುವುದು ಓದಿದ್ದನ್ನೇ. ಇಲ್ಲಿ ಅಳೆಯುವುದು ಹೊಸದನ್ನು ಎದುರಿಸುವ ರೀತಿಯನ್ನು. ಎರಡೂ ಒಂದೇ ಅಲ್ಲ.

ಚುಕ್ಕಿ: ಸರಿ, ಹಾಗಾದರೆ 130 ಬೇಕಾ 132 ಬೇಕಾ?

ಮಾಪಕಿ: ಮೇಲೆ ಓದಿ.

ಹದಿಮೂರು: ಮಗಳಿಗೆ 13. ಮೆನ್ಸಾದವರ ಪರೀಕ್ಷೆಗೇ ಕೂರಿಸಬಹುದಾ?

ಮಾಪಕಿ: ದೇಶದಿಂದ ದೇಶಕ್ಕೆ ಬೇರೆ. ಅಮೆರಿಕನ್ ಮೆನ್ಸಾದಲ್ಲಿ 14 ತುಂಬಿರಬೇಕು, ಬ್ರಿಟಿಷ್ ಮೆನ್ಸಾದಲ್ಲಿ ಹತ್ತೂವರೆ ಸಾಕು. ಅದಕ್ಕಿಂತ ಚಿಕ್ಕವರಾದರೆ ಮನಶ್ಶಾಸ್ತ್ರಜ್ಞರ ವರದಿ ಕಳಿಸಬೇಕು.

ಅಂಕಪಟ್ಟಿ: ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿಯ ಅಂಕ ನಡೆಯುತ್ತಾ? ನನ್ನದು 2012ರದು, 1450.

ಮಾಪಕಿ: ಇಲ್ಲ. ಅಮೆರಿಕನ್ ಮೆನ್ಸಾ 1994ರ ಜನವರಿ 31ರವರೆಗಿನ ಎಸ್‌ಎಟಿ ಅಂಕಗಳನ್ನು ಮಾತ್ರ ಒಪ್ಪುತ್ತದೆ.

ತಯಾರಿ: ಮುಂದಿನ ವಾರ ಮ್ಯಾಟ್ರಿಕ್ಸ್ ಮಾದರಿಯ ಪರೀಕ್ಷೆ ಇದೆ. ಪ್ರಶ್ನೆ ಕದಿಯದೆ ಏನು ತಯಾರಿ ಮಾಡಬಹುದು?

ಮಾಪಕಿ: ಸರಿಯಾದ ಪ್ರಶ್ನೆ. ಸಂಘದವರೇ ಕೊಡುವ ಮಾದರಿಯನ್ನು ಒಂದು ಸಲ ಮಾಡಿ, ಪ್ರಶ್ನೆಯ ರೂಪ ಪರಿಚಯವಾದರೆ ಸಾಕು. ಅಡ್ಡಸಾಲನ್ನೂ ಉದ್ದಸಾಲನ್ನೂ ಬೇರೆಬೇರೆಯಾಗಿ ನೋಡಿ. ಏನು ಬದಲಾಗುತ್ತಿದೆ, ಆಕಾರವೋ, ಎಣಿಕೆಯೋ, ತಿರುವೋ? ಯಾವುದೂ ಹೊಂದದಿದ್ದರೆ ಮೊದಲ ಎರಡು ಚಿತ್ರ ಒಂದರ ಮೇಲೊಂದು ಇಟ್ಟುಕೊಳ್ಳಿ. ಎರಡರಲ್ಲೂ ಇರುವ ಗೆರೆ ಮೂರನೆಯದರಲ್ಲಿ ಉಳಿದಿದೆಯೋ, ಮಾಯವಾಗಿದೆಯೋ? ಹೆಚ್ಚಿನವರು ಎಡವುವುದು ಸಮಯದಲ್ಲಿ. ಇಂಥದೇ ಪರೀಕ್ಷೆಯಾದ ರೇವನ್ಸ್ ಅಡ್ವಾನ್ಸ್‌ಡ್‌ನ ಎರಡನೇ ಭಾಗದಲ್ಲಿ 36 ಪ್ರಶ್ನೆ, ಸಾಮಾನ್ಯವಾಗಿ 40 ನಿಮಿಷ. ಪ್ರಶ್ನೆಗಳು ಸುಲಭದಿಂದ ಕಷ್ಟಕ್ಕೆ ಹೋಗುತ್ತವೆ, ಹಾಗಾಗಿ ಪ್ರತಿಯೊಂದಕ್ಕೂ ಒಂದು ನಿಮಿಷ ಅಂತ ಹಂಚಿಕೊಂಡರೆ ಕೊನೆಯ ಹತ್ತಕ್ಕೆ ಸಾಲುವುದಿಲ್ಲ. ಮೊದಲ ಅರ್ಧವನ್ನು ಬೇಗ ಮುಗಿಸಿ. ಕನ್ನಡಕ ಮರೆಯಬೇಡಿ, ಹಿಂದಿನ ರಾತ್ರಿ ನಿದ್ದೆ ಮಾಡಿ.

ರಾತ್ರಿಹಕ್ಕಿ: ಗೆಳೆಯನ ಹತ್ತಿರ ಎಡಿಎಚ್‌ಡಿ ಮಾತ್ರೆ ಇದೆ. ಪರೀಕ್ಷೆ ದಿನ ಒಂದು ತಗೊಂಡರೆ ಗಮನ ಚೆನ್ನಾಗಿರುತ್ತೆ ಅಂತ ಒಂದು ಫಾರ್ವರ್ಡ್ ಬಂದಿದೆ.

ಮಾಪಕಿ: ತಗೋಬೇಡಿ. ಹೃದಯಬಡಿತ, ರಕ್ತದೊತ್ತಡ ಏರಿಸುವ ಔಷಧಿ ಅದು. ನಿಮ್ಮ ಹೃದಯ, ನಿಮ್ಮ ಬೇರೆ ಔಷಧಿ ಯಾವುದನ್ನೂ ನೋಡದೆ ಬೇರೆಯವರ ಚೀಟಿಯ ಮಾತ್ರೆ ನುಂಗುವುದು ಅಪಾಯ. ಆ ಫಾರ್ವರ್ಡ್ ಇನ್ನೊಬ್ಬರಿಗೆ ಕಳಿಸಬೇಡಿ.

ಸುಪ್ರಭಾತ: ಪ್ರತಿದಿನ ಬೆಳಿಗ್ಗೆ ಮೊಜಾರ್ಟ್ ಸಂಗೀತ ಕೇಳಿಸಿದರೆ ಮಕ್ಕಳ ಐಕ್ಯೂ 9 ಅಂಕ ಏರುತ್ತದೆ! ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ! ಎಲ್ಲ ಅಮ್ಮಂದಿರಿಗೂ ಕಳಿಸಿ!

ಮಾಪಕಿ: ಫಾರ್ವರ್ಡ್ ಬೇಡ ಅಂತ ಮೊದಲ ಸಾಲಿನಲ್ಲೇ ಇದೆ. 1993ರ ಆ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಮಕ್ಕಳ ಮೇಲಲ್ಲ. ನೋಡಿದ್ದು ಆಕಾರಗಳ ಕೆಲಸ ಮಾತ್ರ, ಒಟ್ಟು ಐಕ್ಯೂ ಅಲ್ಲ. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಸಂಗೀತ ಇಷ್ಟವಾದರೆ ಕೇಳಿಸಿ. ಅಂಕಕ್ಕಾಗಿ ಮಗುವನ್ನು ಬೆಳಿಗ್ಗೆ ಬೇಗ ಎಬ್ಬಿಸಬೇಡಿ, ಅದಕ್ಕೆ ನಿದ್ದೆ ಬೇಕು.

ಶಿಖರ: ಎಲ್ಲರೂ ಮೆನ್ಸಾ ಮೆನ್ಸಾ ಅಂತೀರಿ. ಐವತ್ತರಲ್ಲಿ ಒಬ್ಬರು ಅಂದರೆ ಏನು ದೊಡ್ಡದು? ಮೆಗಾ ಸೊಸೈಟಿ ನೋಡಿ, ಹತ್ತು ಲಕ್ಷಕ್ಕೆ ಒಬ್ಬರು. ನಿಜವಾದ ಅಳತೆ ಅಲ್ಲಿದೆ.

ಗಣಿತಪ್ರಿಯ: ಮೆಟ್ಟಿಲು ಹೀಗಿದೆ: 1946ರ ಮೆನ್ಸಾ ಮೇಲಿನ ಶೇ 2, 1966ರ ಇಂಟರ್‌ಟೆಲ್ ಶೇ 1, 1978ರ ಟ್ರಿಪಲ್ ನೈನ್ ಸಾವಿರಕ್ಕೊಬ್ಬರು, ಪ್ರೊಮಿಥಿಯಸ್ 30,000ಕ್ಕೊಬ್ಬರು, ಆಮೇಲೆ ಮೆಗಾ. ಮೇಲೆ ಹತ್ತಿದಷ್ಟೂ ಅಳತೆ ಸಡಿಲ. ಒಂದು ವಯಸ್ಸಿಗೆ 200 ಮಕ್ಕಳನ್ನು ನೋಡಿ ಮಾಡಿದ ಮಾನದಂಡದಲ್ಲಿ ಸಾವಿರಕ್ಕೊಬ್ಬರನ್ನು ಗುರುತಿಸುವುದೇ ಊಹೆ. ಹತ್ತು ಲಕ್ಷಕ್ಕೊಬ್ಬರನ್ನು ಹೇಗೆ ಗುರುತಿಸ್ತೀರಿ?

ಶಿಖರ: ಅದಕ್ಕೇ ಮೆಗಾ ಸೊಸೈಟಿ ಕಟ್ಟಿದ ರೊನಾಲ್ಡ್ ಹಾಫ್ಲಿನ್ ಮೆಗಾ ಟೆಸ್ಟ್ ಮಾಡಿದ್ದು. 48 ಪ್ರಶ್ನೆ, ಅರ್ಧ ಪದಗಳದು, ಅರ್ಧ ಸಂಖ್ಯೆ ಮತ್ತು ಆಕಾರಗಳದು. ನೀವು ಒಂದು ಸಲ ಕೂತು ನೋಡಿ, ಆಮೇಲೆ ಮಾತಾಡಿ.

ಗಣಿತಪ್ರಿಯ: 1985ರಲ್ಲಿ ಆಮ್ನಿ ಪತ್ರಿಕೆಯಲ್ಲಿ ಅಚ್ಚಾಯಿತು, ಮನೆಯಲ್ಲೇ ಬರೆದು ಅಂಚೆಯಲ್ಲಿ ಕಳಿಸಬೇಕಿತ್ತು. ಸಮಯದ ಮಿತಿ ಇಲ್ಲ, ಮೇಲ್ವಿಚಾರಕರಿಲ್ಲ. ಬರೆದು ಕಳಿಸಿದವರೆಲ್ಲ ಒಗಟು ಇಷ್ಟಪಡುವವರು, ಅವರೇ ಮಾನದಂಡ. ಆಮೇಲೆ ಉತ್ತರಗಳು ಅಂತರ್ಜಾಲಕ್ಕೆ ಬಂದವು. ಗಿನ್ನೆಸ್‌ನವರೂ 1990ರಲ್ಲಿ ಅತಿ ಹೆಚ್ಚು ಐಕ್ಯೂ ಅನ್ನುವ ದಾಖಲೆಯನ್ನೇ ಕೈಬಿಟ್ಟರು.

ಶಿಖರ: ಕೈಗೆಟುಕದವರು ಹೇಳುವ ಮಾತು.

ಗಣಿತಪ್ರಿಯ: ವಾದಕ್ಕೆ ಉತ್ತರವಿಲ್ಲದಿದ್ದಾಗ ಮನುಷ್ಯರ ಮೇಲೆ ಬರಬೇಡಿ. 200ರ ಲೆಕ್ಕಕ್ಕೆ ಉತ್ತರ ಕೊಡಿ.

ಸುಪ್ರಭಾತ: ಬುದ್ಧಿ ಅಳೆಯೋದೇ ತಪ್ಪು. ಇವೆಲ್ಲ ಅಹಂಕಾರದ ಸಂಘಗಳು.

ಶಿಖರ: ಐದು ನಿಮಿಷದ ಹಿಂದೆ 9 ಅಂಕ ಏರಿಸಿ ಅಂತ ಕಳಿಸಿದವರು ನೀವೇ.

ಮಾಪಕಿ: ಜಗಳ ಬೇರೆ ಕಡೆ ಮಾಡಿ. ದೊಡ್ಡವರ ವೆಕ್ಸ್‌ಲರ್ ಪರೀಕ್ಷೆ ವೇಯ್ಸ್-4ರ ಒಟ್ಟು ಐಕ್ಯೂ 160ಕ್ಕೆ ನಿಲ್ಲುತ್ತದೆ, ಅದರಾಚೆಗಿನ ಸಂಖ್ಯೆಗೆ ನಾನು ಸಹಿ ಹಾಕುವುದಿಲ್ಲ. ಈ ವಿಷಯಕ್ಕೆ ಇನ್ನು ಉತ್ತರಿಸುವುದೂ ಇಲ್ಲ.

ಹೊಸ ಸದಸ್ಯ: ನಮಸ್ಕಾರ, ಮೆನ್ಸಾಗೆ ಎಷ್ಟು ಅಂಕ ಬೇಕು?

ಮಾಪಕಿ: ಮೊದಲ ಉತ್ತರ.

ಏಳರ ಅಮ್ಮ: ಪರೀಕ್ಷೆ ಮಾಡಿದವರಿಗೆ ಫೋನ್ ಮಾಡಿದೆ. ಕೋಡಿಂಗ್‌ನಲ್ಲಿ ಒಂದೂ ತಪ್ಪಿಲ್ಲವಂತೆ, ಮೊದಲ ಸಾಲಿನ ನಂತರ ನಿಧಾನ. ಈಗ ಕೂತು ಬರೆಸಿದೆ. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಸುತ್ತಿ ಹಿಡೀತಾನೆ. ಹಾಳೆಯ ಹಿಂಬದಿ ಮುಟ್ಟಿದರೆ ಅಕ್ಷರ ಕೈಗೆ ಸಿಗುತ್ತೆ. ನಾಲ್ಕನೇ ನಿಮಿಷಕ್ಕೆ ಕೈ ಒದರಿದ. ಬಾಯಲ್ಲಿ ಕೇಳಿದರೆ ಪೂರ್ತಿ ಕಥೆ ಹೇಳಿದ.

ಮಾಪಕಿ: ಇಷ್ಟು ಚೆನ್ನಾಗಿ ನೋಡಿದ್ದೀರಿ. ಈ ಹಾಳೆಯನ್ನು ಹಾಗೇ ಎತ್ತಿಡಿ, ದಿನಾಂಕ ಬರೆಯಿರಿ, ಎಷ್ಟು ನಿಮಿಷಕ್ಕೆ ಎಷ್ಟು ಸಾಲು ಅಂತ ಅಂಚಿನಲ್ಲಿ ಗುರುತು ಮಾಡಿ. ಕಣ್ಣಿನ ಪರೀಕ್ಷೆ ಆದಮೇಲೆ ಥೆರಪಿಸ್ಟ್ ಹತ್ತಿರ ಈ ಹಾಳೆ ಮತ್ತು ವಿಸ್ಕ್ ವರದಿ ಎರಡನ್ನೂ ಒಯ್ಯಿರಿ. ಟೀಚರ್‌ಗೆ ಈ ವಾರವೇ ಚೀಟಿ ಬರೆಯಿರಿ: ಬರವಣಿಗೆ ಅರ್ಧ ಕಡಿಮೆ ಮಾಡಿ, ಉಳಿದ ಉತ್ತರ ಬಾಯಲ್ಲಿ ಕೇಳಿ. ತೀರ್ಮಾನ ಬರುವವರೆಗೆ ಸೋಮಾರಿ ಅನ್ನುವ ಪದ ಅವನ ಕಿವಿಗೆ ಬೀಳದಿರಲಿ. ವರದಿಯಲ್ಲಿ ಜಿಎಐ ಸೇರಿಸಿ ಕೊಡಲು ಪರೀಕ್ಷಕರನ್ನು ಕೇಳಿ. ಮಗು ಮತ್ತೆ ಕೂರಬೇಕಾಗಿಲ್ಲ, ಇರುವ ಅಂಕಗಳಿಂದಲೇ ತೆಗೆಯಬಹುದು.

ಏಳರ ಅಮ್ಮ: ಜಿಎಐ ಒಪ್ಪದಿದ್ದರೆ?

ಮಾಪಕಿ: ಒಂದು ವರ್ಷ ಬಿಟ್ಟು, ಪೆನ್ಸಿಲ್ ಕೆಲಸ ಕಡಿಮೆ ಇರುವ, ಅವರು ಒಪ್ಪುವ ಬೇರೆ ಪರೀಕ್ಷೆ. ಸ್ಟ್ಯಾನ್‌ಫರ್ಡ್-ಬಿನೆ 5 ಕೇಳಿ ನೋಡಿ, ಅದರಲ್ಲಿ ಕೋಡಿಂಗ್ ಥರದ ಭಾಗ ಇಲ್ಲ. ಆದರೆ ಮೊದಲು ಕೈ.

ಕಿಟಕಿ: ಬಣ್ಣಗುರುಡಿನ ಬಗ್ಗೆ ಕೇಳಿದ್ದೆ. ಮೊಜಾರ್ಟ್‌ಗೆಲ್ಲ ಉತ್ತರ ಬಂತು, ನನ್ನ ಪ್ರಶ್ನೆಗೆ ಯಾರೂ ಹೇಳಲಿಲ್ಲ.